ಅಪ್‌ಡೇಟ್: ಗದ್ದೆಯ ಹಳೇ ಆಲೆಮನೆ, ಈಗ ವಾಸಕ್ಕೆ (ಪಾಂಡವಪುರ ಕಡೆ)

ಆಲೆಮನೆಯನ್ನು ವಾಸದ ಮನೆ ಮಾಡಲು ಭೂಪರಿವರ್ತನೆ (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವ ಅನುಮತಿ) ಬೇಕೇ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಸಾಗುವಳಿದಾರರ ಸ್ವಂತ ಬಳಕೆಯ ತೋಟದ ಮನೆ ಹಿಡುವಳಿಯ ಶೇ. 10 ಮೀರದಿದ್ದರೆ ಪರಿವರ್ತನೆ ಬೇಡ. ಅಂದರೆ ಎಕರೆಗೆ 4 ಗುಂಟೆ. ಬಾಡಿಗೆಗೆ ಬಿಟ್ಟರೆ ಈ ವಾದ ನಿಲ್ಲಲ್ಲ. ಆದರೆ ಸಾಲ ಬೇಕಿದ್ದರೆ ಬ್ಯಾಂಕಿನವರು ಪಂಚಾಯಿತಿಯ ನಮೂನೆ 9, 11ಎ (ಆಸ್ತಿಯ ಖಾತಾ ದಾಖಲೆ) ಕೇಳುತ್ತಾರೆ. ಕೃಷಿ ಜಮೀನಿಗೆ ಅವು ಸಿಗಲ್ಲ, ಆಗ ಪರಿವರ್ತನೆಯೇ ದಾರಿ. ನಾನು 3 ಗುಂಟೆಗಷ್ಟೇ ಅರ್ಜಿ ಹಾಕಿದ್ದು. ಸರ್ವೆ ನಂಬರಿನ ಒಂದು ಭಾಗ ಆದ್ದರಿಂದ ಮೊದಲು 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ) ಮಾಡಿಸಬೇಕು. ಪಹಣಿ, ಮ್ಯುಟೇಷನ್ ಎರಡರಲ್ಲೂ ಹೆಸರು ತಾಳೆಯಾಗದಿದ್ದರೆ ಅಲ್ಲೇ ಬ್ರೇಕು.

ಕಾಗದಕ್ಕಿಂತ ದೊಡ್ಡ ತಲೆನೋವು ಬೆಲ್ಲ ಕಾಯಿಸುತ್ತಿದ್ದ ಒಲೆ ಗುಂಡಿ. ಬೂದಿಯ ಉಪ್ಪು ಸುತ್ತಲ ಇಟ್ಟಿಗೆಗೆ ಇಳಿದಿರುತ್ತೆ, ಮಳೆಗಾಲದಲ್ಲಿ ತೇವ ಹೀರಿ ಗಾರೆ ಉದುರಿಸುತ್ತೆ. ಉಪ್ಪು ಹಿಡಿದ ಇಟ್ಟಿಗೆ ಕಿತ್ತು ಬದಲಿಸುವುದೇ ಸರಿ, ಮೇಲೆ ಬಳಿದರೆ ದಂಡ. ಗುಂಡಿಯ ಬೂದಿಯನ್ನೆಲ್ಲ ತೆಗೆದು, ಗ್ರಾವೆಲ್ 6 ಇಂಚಿನ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಸಿ. ಒಂದೇ ಸಲ ತುಂಬಿದರೆ ನೆಲ ಇಳಿದು ಟೈಲ್ಸ್ ಬಿರಿಯುತ್ತೆ.

ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಗಾರೆ ಬೇಡವೇ ಬೇಡ, ತೇವ ಒಳಗೇ ಸಿಕ್ಕಿಕೊಳ್ಳುತ್ತೆ. 1:3 ಸುಣ್ಣ–ಮರಳು ಸಾಕು.