ಪದಚರ್ಚೆ: ಮಣ್ಣು, ಸ್ಲಡ್ಜ್‌ಗಳ ವಿಷತ್ವ ಪರೀಕ್ಷೆ – ‘ಸ್ಥಿರ’ ಸರಿಯೇ? ‘ದಕ್ಕುವ ಪಾಲು’ ನಡೆದೀತೇ?

ಎಲ್ಲರಿಗೂ ನಮಸ್ಕಾರ.

ಕೀಟನಾಶಕ ಡಿಡಿಟಿ, ಹಿಂದೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್‌ಗಳಂಥ ವಸ್ತುಗಳು ಮಣ್ಣಿನಲ್ಲೋ ಕೊಳಚೆ ನೀರು ಶುದ್ಧೀಕರಣ ಘಟಕದ ಸ್ಲಡ್ಜ್‌ನಲ್ಲೋ ಸೇರಿಕೊಂಡಾಗ ಅವುಗಳ ವಿಷತ್ವವನ್ನು ಹೇಗೆ ಪರೀಕ್ಷಿಸುತ್ತಾರೆ ಎಂಬುದರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಇಂಥ ವಸ್ತುಗಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ಪರ್ಸಿಸ್ಟೆಂಟ್’ ಎಂಬುದಕ್ಕೆ ‘ಸ್ಥಿರ’ ಎಂದು ಬರೆಯುವುದುಂಟು. ನನಗೆ ಒಪ್ಪಿಗೆಯಿಲ್ಲ. ಸ್ಥಿರ ಎಂದರೆ ಕದಲದ್ದು ಎಂದೇ ಓದುಗರಿಗೆ ಅನ್ನಿಸುತ್ತದೆ. ಈ ವಸ್ತುಗಳಾದರೋ ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಸಾಗಿ, ಉತ್ತರ ಧ್ರುವದ ಕರಡಿಗಳ ಕೊಬ್ಬಿನಲ್ಲೂ ಸಿಕ್ಕಿವೆ. ‘ಅಳಿಯದ’ ಎಂದರೂ ತಪ್ಪು. ಇಂಥ ವಸ್ತುಗಳನ್ನು ತಡೆಯಲು ದೇಶಗಳು ಮಾಡಿಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದದ ಅಳತೆಗೋಲು ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಅಳಿಯಲು ಹಿಡಿಯುವ ಕಾಲ: ಮಣ್ಣಿನಲ್ಲಿ 6 ತಿಂಗಳಿಗಿಂತ ಹೆಚ್ಚು, ನೀರಿನಲ್ಲಿ 2 ತಿಂಗಳಿಗಿಂತ ಹೆಚ್ಚು. ಅಂದರೆ ಅಳಿಯುತ್ತವೆ, ತೀರಾ ತಡವಾಗಿ. (ಡಿಡಿಟಿ ಅಳಿದು ಹುಟ್ಟುವ ಡಿಡಿಇ ಕೂಡ ಬಹುಕಾಲ ಕಾಡುತ್ತದೆ.) ‘ದೀರ್ಘ ಬಾಳಿಕೆಯ’ ಎನ್ನೋಣವೆಂದರೆ ಬಾಳಿಕೆ ನಮ್ಮಲ್ಲಿ ಮೆಚ್ಚುಗೆಯ ಮಾತು. ಸದ್ಯಕ್ಕೆ ‘ಬೇಗ ಅಳಿಯದ’ ಎಂದು ಇಟ್ಟುಕೊಂಡಿದ್ದೇನೆ.

ಸ್ಲಡ್ಜ್‌ಗೆ ‘ಕೆಸರು’ ಎಂದರೆ ಗದ್ದೆಯ ಕೆಸರೂ ಅದೇ ಆಗಿಬಿಡುತ್ತದೆ. ಕೆರೆಯ ತಳದಲ್ಲಿ ಕೂತದ್ದಕ್ಕೆ ‘ಗಸಿ’, ಘಟಕದಲ್ಲಿ ಉಳಿದದ್ದಕ್ಕೆ ‘ಸ್ಲಡ್ಜ್’ ಎಂದೇ ಬಿಟ್ಟಿದ್ದೇನೆ.

ನಿಜವಾದ ತೊಡಕು ಇರುವುದು ಮುಂದಿನದರಲ್ಲಿ. ದ್ರಾವಕ ಹಾಕಿ ಮಣ್ಣಿನಿಂದ ಹಿಂಡಿ ತೆಗೆದರೆ ತಿಳಿಯುವುದು ವಿಷದ ಒಟ್ಟು ಪ್ರಮಾಣ. ಆದರೆ ಮಣ್ಣಿನ ಸಾವಯವ ಅಂಶ ಈ ವಸ್ತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಲ ಕಳೆದಂತೆ ಆ ಹಿಡಿತ ಬಿಗಿಯಾಗುತ್ತದೆ. ಒಟ್ಟು ಪ್ರಮಾಣ ಒಂದೇ ಇರುವ ಎರಡು ಮಣ್ಣುಗಳಲ್ಲಿ ಒಂದು ಮಣ್ಣು ಎರೆಹುಳುಗಳನ್ನು ಕೊಲ್ಲಬಹುದು, ಇನ್ನೊಂದು ಏನೂ ಮಾಡದಿರಬಹುದು. ಅದಕ್ಕೇ ಹುಳುವನ್ನೇ ಕೇಳಬೇಕಾಗುತ್ತದೆ. ಎರೆಗೊಬ್ಬರಕ್ಕೆ ಬಳಸುವ ಐಸೀನಿಯಾ ಫೆಟಿಡಾ ಹುಳುಗಳನ್ನು ಆ ಮಣ್ಣಿನಲ್ಲಿ ಬಿಟ್ಟು 14 ದಿನಗಳಲ್ಲಿ ಎಷ್ಟು ಸತ್ತವೆಂದು ಎಣಿಸುತ್ತಾರೆ. ಸಾಯದಿದ್ದರೂ ಸಂತಾನ ಕುಗ್ಗಬಹುದಲ್ಲ? ಅದನ್ನು ತಿಳಿಯಲು ಬೇರೆ ಪರೀಕ್ಷೆಯಿದೆ: 4 ವಾರ ಕಳೆದ ಮೇಲೆ ದೊಡ್ಡ ಹುಳುಗಳನ್ನು ತೆಗೆದು, ಇನ್ನೂ 4 ವಾರ ಬಿಟ್ಟು ಮರಿಗಳನ್ನು ಎಣಿಸುವುದು. ‘ವಿಷದ ಪ್ರಮಾಣ’, ‘ವಿಷತ್ವ’ ಎರಡನ್ನೂ ಒಂದೇ ಎಂಬಂತೆ ಬರೆದರೆ ಈ ಪರೀಕ್ಷೆ ಏಕೆ ಬೇಕೆಂಬುದೇ ಓದುಗರಿಗೆ ತಿಳಿಯುವುದಿಲ್ಲ.

ಹೀಗೆ ಜೀವಿಯ ಮೈಗೆ ಸೇರಬಲ್ಲ ಭಾಗಕ್ಕೆ ‘ಜೈವಿಕ ಲಭ್ಯತೆ’ ಎಂಬ ಪದವಿದೆ. ಓದಿದರೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ‘ತಿಂದದ್ದು ದಕ್ಕಲಿಲ್ಲ’ ಎನ್ನುತ್ತೇವಲ್ಲ, ಆ ‘ದಕ್ಕು’ ಇಲ್ಲಿ ಸರಿಯಾಗಿ ಕೂರುತ್ತದೆ ಎನ್ನಿಸಿ ‘ದಕ್ಕುವ ಪಾಲು’ ಎಂದು ಬರೆದೆ. ಆದರೆ ದಕ್ಕಿದ್ದು ಎಂದರೆ ಲಾಭ ಎಂಬ ಛಾಯೆಯೂ ಇದೆ. ವಿಷದ ಮಾತಿನಲ್ಲಿ ಅದು ಅಡ್ಡಬರುತ್ತದೆಯೇ? ನಿಮ್ಮ ಕಡೆ ‘ದಕ್ಕು’ವನ್ನು ಕೆಟ್ಟದ್ದಕ್ಕೂ ಬಳಸುವ ರೂಢಿಯಿದ್ದರೆ ಒಂದೆರಡು ವಾಕ್ಯ ಬರೆದು ತಿಳಿಸಿ. ಇಲ್ಲವಾದರೆ ‘ಮೈಗೆ ಸೇರುವ ಪಾಲು’ ಎಂದು ತಿದ್ದುತ್ತೇನೆ.