ಪಿಎಸ್ ವೀಟಾದಲ್ಲಿ ಪಿಸಿ ಗೇಮ್: ಮೂನ್‌ಲೈಟ್ ತಡವರಿಸಿದರೆ ಮೊದಲು ನೋಡಬೇಕಾದ್ದು ಗಾಳಿಯನ್ನು

ಪ್ರಶ್ನೆ: ಪಿಎಸ್ ವೀಟಾ 2000 (ಸೋನಿಯ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್), ಫರ್ಮ್‌ವೇರ್ 3.65, ಎನ್ಸೊ (ಹೊರಗಿನ ಆ್ಯಪ್ ಓಡಲು ಬಿಡುವ ಕಾಯಂ ಮಾಡ್) ಹಾಕಿದೆ. ಪಿಸಿಯಲ್ಲಿ ಆರ್‌ಟಿಎಕ್ಸ್ 3060, ವಿಂಡೋಸ್ 11, ಗೇಮಿನ ಚಿತ್ರ ಕಳಿಸುವ ತಂತ್ರಾಂಶ ಸನ್‌ಶೈನ್. ವೀಟಾದಲ್ಲಿ ಆ ಚಿತ್ರ ಪಡೆದು ತೋರಿಸುವ ಆ್ಯಪ್ ಮೂನ್‌ಲೈಟ್. ಪೇರ್ ಆಯಿತು, ಗೇಮ್ ಕೂಡ ಶುರುವಾಗುತ್ತದೆ. ಆದರೆ ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಚಿತ್ರ ಚೌಕ ಚೌಕವಾಗಿ ಒಡೆದು, ಒಂದು ಕ್ಷಣ ನಿಂತು, ಮತ್ತೆ ಸರಿಹೋಗುತ್ತದೆ. ಇಟ್ಟಿರುವುದು 720ಪಿ, 60 ಎಫ್‌ಪಿಎಸ್, 15 ಎಂಬಿಪಿಎಸ್. ಮನೆಯ ಇಂಟರ್ನೆಟ್ 200 ಎಂಬಿಪಿಎಸ್. ಫೋನಿನಲ್ಲಿ ಅದೇ ಮೂನ್‌ಲೈಟ್ ನೀಟಾಗಿ ಓಡುತ್ತದೆ. ವೀಟಾದ ಪ್ರೊಸೆಸರ್ ಸಾಲುತ್ತಿಲ್ಲವೇ? ಓವರ್‌ಕ್ಲಾಕ್ ಪ್ಲಗಿನ್ ಹಾಕಲೇ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ಓವರ್‌ಕ್ಲಾಕ್ ಬೇಡ. ವಿಡಿಯೋ ಬಿಡಿಸುವ ಕೆಲಸ ವೀಟಾದೊಳಗಿನ ಎಚ್.264 (ವಿಡಿಯೋ ಕುಗ್ಗಿಸುವ ಒಂದು ಪದ್ಧತಿ) ಹಾರ್ಡ್‌ವೇರ್ ಡಿಕೋಡರ್‌ನದು, ಸಿಪಿಯುವಿನದಲ್ಲ. ನಿಮ್ಮ ತೊಂದರೆ ರೇಡಿಯೋದಲ್ಲಿದೆ, ಅಂದರೆ ಗಾಳಿಯಲ್ಲಿ ಹೋಗುವ ವೈಫೈ ಸಿಗ್ನಲ್‌ನಲ್ಲಿ.

200 ಎಂಬಿಪಿಎಸ್ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಚಿತ್ರ ಪಿಸಿಯಿಂದ ರೌಟರ್‌ಗೆ, ರೌಟರ್‌ನಿಂದ ವೀಟಾಗೆ ಹೋಗುತ್ತದೆ. ಮನೆಯ ಹೊಸಿಲು ದಾಟುವುದೇ ಇಲ್ಲ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಕೂತಿರುತ್ತದೆ. ವೀಟಾಗೆ ಇರುವುದು 2.4 ಗಿಗಾಹರ್ಟ್ಸ್ ಮಾತ್ರ, ಅದೂ 802.11 ಬಿ/ಜಿ/ಎನ್, ಒಂದೇ ಆಂಟೆನಾ. ಕಾಗದದ ಮೇಲೆ 65ರಿಂದ 72 ಎಂಬಿಪಿಎಸ್ ಅಂತ ಕಾಣುತ್ತದೆ, ಕೈಗೆ ಸಿಗುವುದು ಅದರ ಒಂದು ಪಾಲು. ಅದನ್ನೂ ಪಕ್ಕದ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆಯ ಜೊತೆ ಹಂಚಿಕೊಳ್ಳಬೇಕು.

ಒಂದೇ ಒಂದು ಫ್ರೇಮ್ ತೆಗೆದುಕೊಂಡು ನೋಡಿ. 15 ಎಂಬಿಪಿಎಸ್ ಅನ್ನು 60ರಿಂದ ಭಾಗಿಸಿದರೆ ಫ್ರೇಮಿಗೆ 250 ಕಿಲೋಬಿಟ್, ಅಂದರೆ ಸುಮಾರು 31 ಕಿಲೋಬೈಟ್. ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಡೇಟಾ ಹೋಗುವ ತುಣುಕು) ಒಂದಕ್ಕೆ ಒಂದು ಕಿಲೋಬೈಟ್ ಅಂತಿಟ್ಟುಕೊಂಡರೆ 31 ಪ್ಯಾಕೆಟ್. ಕಳೆದುಹೋದದ್ದನ್ನು ತುಂಬಲು ಸನ್‌ಶೈನ್ ಶೇ 20ರಷ್ಟು ಹೆಚ್ಚುವರಿ ಪ್ಯಾಕೆಟ್ ಸೇರಿಸುತ್ತದೆ, ಅದು ಇನ್ನೊಂದು ಆರೇಳು. ಇಷ್ಟೂ 16.7 ಮಿಲಿಸೆಕೆಂಡಿನೊಳಗೆ ತಲುಪಬೇಕು, ಸೆಕೆಂಡಿಗೆ 60 ಸಲ. ಪಕ್ಕದ ಮನೆಯವರು ಅದೇ ಚಾನೆಲ್‌ನಲ್ಲಿ ಏನೋ ಡೌನ್‌ಲೋಡ್ ಹಾಕಿದರೆ ಒಂದು ಗೊಂಚಲು ಪ್ಯಾಕೆಟ್ ಒಟ್ಟಿಗೇ ತಪ್ಪುತ್ತದೆ, ಆ ಹೆಚ್ಚುವರಿಯೂ ಸಾಲುವುದಿಲ್ಲ. ಎಚ್.264ರಲ್ಲಿ ಪ್ರತಿ ಫ್ರೇಮ್ ಹಿಂದಿನದರ ಮೇಲೆ ನಿಂತಿರುವುದರಿಂದ, ಒಂದು ಕೆಟ್ಟರೆ ಹೊಸ ಪೂರ್ಣ ಫ್ರೇಮ್ ಬರುವವರೆಗೆ ಮುಂದಿನದೆಲ್ಲ ಕೆಡುತ್ತದೆ. ನೀವು ಕಾಣುತ್ತಿರುವ ಚೌಕಗಳು ಅವೇ.

ಅದರ ಮೇಲೆ 720ಪಿ. ವೀಟಾದ ತೆರೆ 960×544. 720ಪಿ ಕಳಿಸಿದರೆ 9,21,600 ಪಿಕ್ಸೆಲ್ ಹೊರಡುತ್ತವೆ, ತೆರೆಯಲ್ಲಿ ಜಾಗ ಇರುವುದು 5,22,240ಕ್ಕೆ. ಉಳಿದದ್ದನ್ನು ಹೊತ್ತು ತಂದು ಬಾಗಿಲಲ್ಲಿ ಎಸೆದಂತೆ.

ಹೀಗೆ ಮಾಡಿ:

1. ಮೂನ್‌ಲೈಟ್ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ 960×544 ಅಥವಾ 960×540, ಬಿಟ್‌ರೇಟ್ 6,000 ಕೆಬಿಪಿಎಸ್. ಫ್ರೇಮಿಗೆ ಹದಿಮೂರು ಪ್ಯಾಕೆಟ್ ಬಂದರೆ ಸಾಕಾಗುತ್ತದೆ. ಐದು ಇಂಚಿನ ತೆರೆಯಲ್ಲಿ 6ಕ್ಕೂ 10ಕ್ಕೂ ವ್ಯತ್ಯಾಸ ಹುಡುಕಿದರೂ ಕಷ್ಟ.
2. ರೌಟರ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಡಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್, 40 ಬೇಡ. ಚಾನೆಲ್ 1, 6, 11ರಲ್ಲಿ ಒಂದು; ‘ಆಟೋ’ದಲ್ಲಿ ಬಿಡಬೇಡಿ.
3. ಭದ್ರತೆ ಡಬ್ಲ್ಯುಪಿಎ2, ಎಇಎಸ್. ಡಬ್ಲ್ಯುಪಿಎ3 ಅಂದರೆ ವೀಟಾಗೆ ಗೊತ್ತಿಲ್ಲ, ಸೇರುವುದೇ ಇಲ್ಲ.
4. ಪಿಸಿಯಿಂದ ರೌಟರ್‌ಗೆ ಕೇಬಲ್ ಎಳೆಯಿರಿ. ಪಿಸಿಯೂ 2.4ರಲ್ಲೇ ಇದ್ದರೆ ಪ್ರತಿ ಪ್ಯಾಕೆಟ್ ಅದೇ ಗಾಳಿಯಲ್ಲಿ ಎರಡು ಸಲ ಹಾರಬೇಕು.
5. ವೀಟಾದ ಸೆಟ್ಟಿಂಗ್ಸ್, ಪವರ್ ಸೇವ್ ಸೆಟ್ಟಿಂಗ್ಸ್‌ಗೆ ಹೋಗಿ, ವೈಫೈಯನ್ನು ಪವರ್ ಸೇವ್ ಮೋಡ್‌ನಲ್ಲಿ ಬಳಸುವ ಟಿಕ್ ತೆಗೆಯಿರಿ. ಇದನ್ನು ಮರೆಯುವವರೇ ಹೆಚ್ಚು.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದರೆ ತೆಗೆದು ವೈರ್‌ನದು ಹಾಕಿ ನೋಡಿ. ಅದೂ 2.4ರಲ್ಲೇ ಮಾತಾಡುವುದು.

ಅದೇ ಪ್ರಶ್ನೆಗಾರರು: ಐದೂ ಮಾಡಿದೆ. ಹಗಲು ಒಂದು ಚೂರೂ ಒಡೆಯಲ್ಲ. ಸಂಜೆ ಏಳರ ಮೇಲೆ ಮತ್ತೆ ಶುರು. ಅಪಾರ್ಟ್‌ಮೆಂಟ್, ಫೋನಿನಲ್ಲಿ ನೋಡಿದರೆ 23 ವೈಫೈ ಹೆಸರು ಕಾಣುತ್ತವೆ.

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ಸಂಜೆ ಎಲ್ಲರೂ ಮನೆಗೆ ಬಂದು ಟಿವಿ ಹಚ್ಚುತ್ತಾರೆ, ಅಷ್ಟೇ. ಗೋಡೆ ದಾಟಿ ಬರುವ ಸದ್ದನ್ನು ನೀವು ನಿಲ್ಲಿಸಲಾರಿರಿ. ನಿಮ್ಮ ಸಿಗ್ನಲ್ ಅದಕ್ಕಿಂತ ಜೋರಾಗಿರುವಂತೆ ಮಾಡಬಹುದು, ಅಂದರೆ ದೂರ ಕಡಿಮೆ ಮಾಡಬೇಕು.

ಪಿಸಿ ಕೇಬಲ್‌ನಲ್ಲಿದೆ, ಅದರ ವೈಫೈ ಕಾರ್ಡ್ ಖಾಲಿ ಕೂತಿದೆ. ಅದನ್ನೇ ವೀಟಾಗೆ ಮೀಸಲು ರೌಟರ್ ಮಾಡಿ. ವಿಂಡೋಸ್ ಸೆಟ್ಟಿಂಗ್ಸ್, ನೆಟ್‌ವರ್ಕ್ ಆಂಡ್ ಇಂಟರ್ನೆಟ್, ಮೊಬೈಲ್ ಹಾಟ್‌ಸ್ಪಾಟ್. ಬ್ಯಾಂಡ್ 2.4 ಅಂತ ಕೈಯಾರೆ ಆರಿಸಿ. ಬೇರೆ ಏನಿದ್ದರೂ ವೀಟಾಗೆ ಹೆಸರು ಕಾಣದೆ ಹೋಗಬಹುದು. ಯಾವ ಸಾಧನವೂ ಇಲ್ಲದಾಗ ಹಾಟ್‌ಸ್ಪಾಟ್ ತಾನೇ ಆರುವ ಪವರ್ ಸೇವಿಂಗ್ ಆಯ್ಕೆ ಇದೆ, ಅದನ್ನು ಆಫ್ ಮಾಡಿ. ವೀಟಾವನ್ನು ಆ ಹಾಟ್‌ಸ್ಪಾಟ್‌ಗೆ ಸೇರಿಸಿ, ಮೂನ್‌ಲೈಟ್‌ನಲ್ಲಿ ಹುಡುಕಾಟ ಬಿಟ್ಟು ವಿಳಾಸವನ್ನು ಕೈಯಿಂದ ಬರೆಯಿರಿ: ವಿಂಡೋಸ್ ಹಾಟ್‌ಸ್ಪಾಟ್‌ನಲ್ಲಿ ಪಿಸಿಯ ವಿಳಾಸ ಸಾಮಾನ್ಯವಾಗಿ 192.168.137.1. ಈಗ ನಡುವೆ ರೌಟರ್ ಇಲ್ಲ, ಒಂದೇ ಜಿಗಿತ. ಅದೇ ಕೋಣೆಯಲ್ಲಿ ಆಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸಂಪರ್ಕ ಸಿಗದಿದ್ದರೆ ಫೈರ್‌ವಾಲ್ ನೋಡಿ. ವಿಂಡೋಸ್ ಈ ಹಾಟ್‌ಸ್ಪಾಟನ್ನು ‘ಪಬ್ಲಿಕ್’ ಅಂತ ಎಣಿಸಿ ತಡೆಯಬಹುದು. ಸನ್‌ಶೈನ್‌ಗೆ ಬೇಕಾದ ಬಾಗಿಲುಗಳು (ಪೋರ್ಟ್‌ಗಳು) ಟಿಸಿಪಿ 47984, 47989, 48010 ಮತ್ತು ಯುಡಿಪಿ 47998ರಿಂದ 48000.

ಇಷ್ಟಾದರೂ ಸಂಜೆ ಒಡೆದರೆ ನಾಚಿಕೆ ಪಡದೆ 30 ಎಫ್‌ಪಿಎಸ್, 4 ಎಂಬಿಪಿಎಸ್‌ಗೆ ಇಳಿಸಿ. ಕಥೆಯ ಆಟ, ಪಾಳಿಯ ಆಟಗಳಿಗೆ ಅದು ಧಾರಾಳ. ಗೇಮಿನ ಒಳಗೂ 30ಕ್ಕೇ ಕಟ್ಟಿ, ಇಲ್ಲದಿದ್ದರೆ ಚಲನೆ ಕುಂಟುತ್ತದೆ.

ಪ್ರಶ್ನೆ: ನನಗೆ ಚಿತ್ರ ಒಡೆಯುವುದಿಲ್ಲ, ಆದರೆ ಬಟನ್ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಆಟಗಾರ ಜಿಗಿಯುತ್ತಾನೆ. ಹಗುರ ಆಟಗಳಲ್ಲಿ ಇಲ್ಲ, ಭಾರದ ಆಟಗಳಲ್ಲಿ ಮಾತ್ರ.

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ‘ಭಾರದ ಆಟಗಳಲ್ಲಿ ಮಾತ್ರ’ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಜಿಪಿಯು ನೂರಕ್ಕೆ ನೂರು ದುಡಿಯುತ್ತಿದ್ದರೆ ತೆರೆಯನ್ನು ಸೆರೆಹಿಡಿದು ಬಣ್ಣ ಬದಲಿಸಿ ಎನ್‌ಕೋಡರ್‌ಗೆ (ವಿಡಿಯೋ ಕುಗ್ಗಿಸುವ ಭಾಗಕ್ಕೆ) ಕೊಡುವ ಕೆಲಸ ಸರತಿಯಲ್ಲಿ ಕಾಯುತ್ತದೆ. ಎನ್‌ಕೋಡರ್ ಬೇರೆ ಭಾಗವಾದರೂ ಅದಕ್ಕೆ ಮುಂಚಿನ ಕೆಲಸ ಗೇಮ್ ಬಳಸುವ ಭಾಗದಲ್ಲೇ ನಡೆಯುವುದು. ಗೇಮನ್ನು 60 ಎಫ್‌ಪಿಎಸ್‌ಗೆ ಮಿತಿ ಮಾಡಿ, ಗ್ರಾಫಿಕ್ಸ್ ಇಳಿಸಿ, ಜಿಪಿಯು ಬಳಕೆ ಶೇ 85ರ ಕೆಳಗೆ ನಿಲ್ಲಿಸಿ. ಹೇಗೂ 544 ಸಾಲಿನ ತೆರೆ, ‘ಅಲ್ಟ್ರಾ’ ನೆರಳು ಅಲ್ಲಿ ಕಾಣುವುದಿಲ್ಲ.

ಪ್ರಶ್ನೆ: ಅಕ್ಷರ ಓದಲಾಗುತ್ತಿಲ್ಲ. ಪಿಸಿ 1080ಪಿಯಲ್ಲಿದೆ.

ಉತ್ತರ (ಕನ್ಸೋಲ್ ರಿಪೇರಿ ತಂತ್ರಜ್ಞ): 1920×1080 ಸರಿಯಾಗಿ ಅರ್ಧಕ್ಕೆ ಇಳಿದರೆ 960×540. ಚಿತ್ರ ಚೂಪಾಗಿರುತ್ತದೆ, ಅಕ್ಷರದ ಗೆರೆ ಮಾತ್ರ ಕೂದಲಾಗುತ್ತದೆ. ಗೇಮಿನಲ್ಲಿ ಯುಐ (ಮೆನು, ಅಕ್ಷರ) ಸ್ಕೇಲ್ ಇದ್ದರೆ ಹೆಚ್ಚಿಸಿ. ಇಲ್ಲದಿದ್ದರೆ ಗೇಮನ್ನೇ 1280×720ಕ್ಕೆ ಇಳಿಸಿ. ಯುಐ ತನ್ನಷ್ಟಕ್ಕೆ ಹಿಗ್ಗದ ಹಳೆಯ ಆಟಗಳಲ್ಲಿ ಅಕ್ಷರ ಆಗ ದೊಡ್ಡದಾಗಿ ಕಾಣುತ್ತದೆ. ಬಣ್ಣ ಪೇಲವ ಅನಿಸಿದರೆ ವಿಂಡೋಸ್‌ನ ಎಚ್‌ಡಿಆರ್ ಆಫ್ ಮಾಡಿ.

540 ಇಡುವುದೋ 544 ಇಡುವುದೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಚ್.264 ಚಿತ್ರವನ್ನು 16 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. 544 ಅಂದರೆ ನಿಖರವಾಗಿ 34 ಚೌಕ. 540 ಕೊಟ್ಟರೂ ಎನ್‌ಕೋಡರ್ ಒಳಗೊಳಗೇ 544ಕ್ಕೆ ತುಂಬಿಸಿಕೊಳ್ಳುತ್ತದೆ.

ಪ್ರಶ್ನೆ: ವೀಟಾದಲ್ಲಿ ಎಲ್2, ಆರ್2 ಟ್ರಿಗರ್ ಬಟನ್ ಇಲ್ಲ. ಶೂಟಿಂಗ್ ಆಟ ಹೇಗೆ?

ಉತ್ತರ (ಕನ್ಸೋಲ್ ರಿಪೇರಿ ತಂತ್ರಜ್ಞ): ಹಿಂಬದಿಯ ಟಚ್‌ಪ್ಯಾಡ್ ಅದಕ್ಕೇ. ನಾಲ್ಕು ಭಾಗ ಮಾಡಿ ಎಲ್2, ಆರ್2, ಎಲ್3, ಆರ್3ಗೆ ಕೊಡಬಹುದು. ಆದರೆ ಹಿಡಿದುಕೊಳ್ಳುವ ಬೆರಳೇ ಅಲ್ಲಿ ಕೂತಿರುತ್ತದೆ, ಗೊತ್ತಿಲ್ಲದೆ ಗುಂಡು ಹಾರುತ್ತದೆ. 2000 ಮಾದರಿಯಲ್ಲಿ ಪ್ಯಾಡ್ 1000ದ್ದಕ್ಕಿಂತ ಚಿಕ್ಕದು, ಹಾಗಾಗಿ ಸ್ವಲ್ಪ ವಾಸಿ. ಮೂನ್‌ಲೈಟ್‌ನಲ್ಲಿ ಹಿಂಬದಿ ಟಚ್‌ಗೆ ಡೆಡ್‌ಝೋನ್ ಇದೆ: ಮೊದಲು ಎಂದಿನಂತೆ ಹಿಡಿದುಕೊಂಡು ಬೆರಳ ತುದಿ ಎಲ್ಲಿ ತಾಗುತ್ತದೆ ನೋಡಿ, ಅಷ್ಟು ಅಂಚನ್ನು ಸತ್ತ ಜಾಗ ಮಾಡಿ. ಟ್ರಿಗರ್ ಒತ್ತಿದರೆ ಹಿಂದಿನ ಪ್ಯಾಡ್ ಮುಟ್ಟುವಂತೆ ಮಾಡಿದ ಗ್ರಿಪ್‌ಗಳು ಸಿಗುತ್ತವೆ. ಕೊಳ್ಳುವಾಗ 1000, 2000 ನೋಡಿಕೊಳ್ಳಿ, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಯಾವ ಬಟನ್ನೂ ಕೆಲಸ ಮಾಡದೆ ಚಿತ್ರ ಮಾತ್ರ ಬರುತ್ತಿದ್ದರೆ ಸಾಮಾನ್ಯವಾಗಿ ಪಿಸಿಯಲ್ಲಿ ವಿಜೆಮ್‌ಬಸ್ ಡ್ರೈವರ್ (ವೀಟಾದ ಬಟನ್‌ಗಳನ್ನು ಗೇಮ್‌ಪ್ಯಾಡ್ ಅಂತ ವಿಂಡೋಸ್‌ಗೆ ತೋರಿಸುವುದು) ಇಲ್ಲ ಅಂತ ಅರ್ಥ. ಹಾಕಿ, ಪಿಸಿ ಒಮ್ಮೆ ರೀಸ್ಟಾರ್ಟ್ ಮಾಡಿ.

ಪ್ರಶ್ನೆ: ನಮ್ಮದು 3.74, ಮಾಡ್ ಇನ್ನೂ ಆಗಿಲ್ಲ. ಭಯ ಇದೆ.

ಉತ್ತರ (ಕನ್ಸೋಲ್ ರಿಪೇರಿ ತಂತ್ರಜ್ಞ): 3.74ರಲ್ಲಿ ವೀಟಾದ ಬ್ರೌಸರ್‌ನಿಂದಲೇ ಹೆನ್‌ಲೋ (ತಾತ್ಕಾಲಿಕ ಮಾಡ್) ಓಡಿಸಬಹುದು. ಆಮೇಲೆ ಫರ್ಮ್‌ವೇರ್ ಬದಲಿಸುವ ವೀಟಾಡಿಪ್ಲಾಯ್ ಆ್ಯಪ್‌ನಿಂದ 3.65ಕ್ಕೆ ಇಳಿದು ಎನ್ಸೊ ಹಾಕಿದರೆ ಪ್ರತಿ ಸಲ ಆನ್ ಮಾಡಿದಾಗ ಮತ್ತೆ ಮಾಡುವ ಕಷ್ಟ ತಪ್ಪುತ್ತದೆ. ಎನ್ಸೊ 3.60 ಮತ್ತು 3.65ಕ್ಕೆ ಮಾತ್ರ. ಅದು ಬೂಟ್ ಆಗುವ ಜಾಗಕ್ಕೇ ಕೈ ಹಾಕುತ್ತದೆ, ಬೇರೆ ಫರ್ಮ್‌ವೇರ್ ಮೇಲೆ ಬಲವಂತ ಮಾಡಿದರೆ ಸಾಧನ ಏಳುವುದಿಲ್ಲ. ಫರ್ಮ್‌ವೇರ್ ಬದಲಿಸುವಾಗ ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ, ಚಾರ್ಜರ್ ಚುಚ್ಚಿರಲಿ, ನಡುವೆ ಯಾವ ಬಟನ್ನೂ ಮುಟ್ಟಬೇಡಿ. ಹಳೆಯ ಬ್ಯಾಟರಿ ಶೇ 40 ತೋರಿಸಿ ತಟ್ಟನೆ ಆರುವ ಸಾಧನವಾದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಈ ಕೆಲಸ.

ಉಳಿದದ್ದು ಸುಲಭ. ವೀಟಾದ ಕಡತ ನೋಡುವ ಆ್ಯಪ್ ವೀಟಾಶೆಲ್‌ನಲ್ಲಿ ಸೆಲೆಕ್ಟ್ ಒತ್ತಿ ಎಫ್‌ಟಿಪಿ (ವೈಫೈಯಲ್ಲಿ ಕಡತ ಕಳಿಸುವ ದಾರಿ) ತೆರೆಯಿರಿ, ಪೋರ್ಟ್ 1337. ಮೂನ್‌ಲೈಟ್‌ನ ವಿಪಿಕೆ (ವೀಟಾ ಆ್ಯಪ್) ಕಡತ ಕಳಿಸಿ, ಅದರ ಮೇಲೆ ನಿಂತು ಎಕ್ಸ್ ಒತ್ತಿ. ಅನುಮತಿ ಇಲ್ಲ ಅಂದರೆ ಹೆನ್ಕಾಕು ಸೆಟ್ಟಿಂಗ್ಸ್‌ನಲ್ಲಿ ಅನ್‌ಸೇಫ್ ಹೋಮ್‌ಬ್ರೂ ಆನ್ ಮಾಡಿ. ಪಿಸಿಯ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 47990 ತೆರೆದರೆ ಸನ್‌ಶೈನ್ ಪುಟ. ಪ್ರಮಾಣಪತ್ರದ ಎಚ್ಚರಿಕೆ ಸಹಜ, ದಾಟಿ ಹೋಗಿ. ವೀಟಾ ತೋರಿಸುವ ನಾಲ್ಕಂಕಿಯನ್ನು ಪಿನ್ ಪುಟದಲ್ಲಿ ಬರೆಯಿರಿ.

ಪ್ರಶ್ನೆ: ಲ್ಯಾಪ್‌ಟಾಪ್ ಮುಚ್ಚಿಟ್ಟು ಆಡಿದರೆ 503 ಅಂತ ಬರುತ್ತದೆ.

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ಮುಚ್ಚಿದರೆ ಪರದೆಯೇ ಆರುತ್ತದೆ, ಸೆರೆಹಿಡಿಯಲು ಏನೂ ಇಲ್ಲ. ತೆರೆದಿಡಿ, ಅಥವಾ ಎಚ್‌ಡಿಎಂಐ ಕಿಂಡಿಗೆ ಡಮ್ಮಿ ಪ್ಲಗ್ (ಪರದೆ ಇದೆ ಅಂತ ನಂಬಿಸುವ ಪುಟ್ಟ ತುಂಡು) ಚುಚ್ಚಿ, ಮುಚ್ಚಳ ಹಾಕಿದರೆ ‘ಏನೂ ಮಾಡಬೇಡ’ ಅಂತ ವಿಂಡೋಸ್‌ಗೆ ಹೇಳಿಡಿ. ಮುಚ್ಚಿ ಆಡಿದರೆ ಬಿಸಿ ಏರುವುದನ್ನು ಗಮನಿಸಿ.

ಪ್ರಶ್ನೆ: ಪಿಸಿ ಊರಲ್ಲಿ, ನಾನು ಹಾಸ್ಟೆಲ್‌ನಲ್ಲಿ. ಆಗುತ್ತದೆಯೇ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ಆಗುತ್ತದೆ, ಆದರೆ ಎರಡು ಅಡ್ಡಿ. ನಮ್ಮಲ್ಲಿ ಎಷ್ಟೋ ಮನೆಗಳ ಸಂಪರ್ಕ ಸಿಜಿನ್ಯಾಟ್ ಹಿಂದಿರುತ್ತದೆ, ಅಂದರೆ ಮನೆಗೆ ಸ್ವಂತ ಐಪಿವಿ4 ವಿಳಾಸ ಇಲ್ಲ. ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಬಾಗಿಲು ಕಾಣುವುದಿಲ್ಲ. ಅದಕ್ಕೆ ಟೇಲ್‌ಸ್ಕೇಲ್‌ನಂಥ ವಿಪಿಎನ್ ಬೇಕು. ಪಿಸಿಗೆ ಅದು ಸಲೀಸು, ವೀಟಾಗೆ ಇಲ್ಲ. ಹಾಗಾಗಿ ಟೇಲ್‌ಸ್ಕೇಲ್ ಓಡಿಸಬಲ್ಲ ಪುಟ್ಟ ಟ್ರಾವೆಲ್ ರೌಟರ್ ಹಾಸ್ಟೆಲ್‌ನಲ್ಲಿ ಇಟ್ಟುಕೊಂಡು, ಅದರ 2.4ಕ್ಕೆ ವೀಟಾ ಸೇರಿಸಿ, ಪಿಸಿಯ ಟೇಲ್‌ಸ್ಕೇಲ್ ವಿಳಾಸವನ್ನು ಮೂನ್‌ಲೈಟ್‌ನಲ್ಲಿ ಕೈಯಿಂದ ಬರೆಯಬೇಕು. ಆ ವಿಳಾಸ 100ರಿಂದ ಶುರುವಾಗುತ್ತದೆ. ಕೊಳ್ಳುವ ಮೊದಲು ಫೋನಿನಲ್ಲಿ ಟೇಲ್‌ಸ್ಕೇಲ್ ಹಾಕಿ, ಹಾಸ್ಟೆಲ್ ವೈಫೈಯಿಂದ ಪಿಸಿಗೆ ಐದು ನಿಮಿಷ ಪಿಂಗ್ ಹಚ್ಚಿ ನೋಡಿ. 40 ಮಿಲಿಸೆಕೆಂಡಿನ ಒಳಗೆ ಒಂದೇ ಸಮ ಇದ್ದರೆ ಮುಂದುವರಿಯಿರಿ. 30, 180, 45, 220 ಅಂತ ಕುಣಿಯುತ್ತಿದ್ದರೆ ರೌಟರ್‌ಗೆ ದುಡ್ಡು ಹಾಕಬೇಡಿ. ಪೇರಿಂಗ್ ಮಾತ್ರ ಊರಲ್ಲಿದ್ದಾಗಲೇ ಮುಗಿಸಿಕೊಂಡು ಬನ್ನಿ. ಪಿನ್ ಬರೆಯಲು ಪಿಸಿಯ ಮುಂದಿರುವುದೇ ಸುಲಭ.