ಕೊಬ್ಬು ಜಾಸ್ತಿ ಬಂದಿದೆ, ಮಗುವಿನ ಎಚ್‌ಐವಿ ಮಾತ್ರೆ (ಎಆರ್‌ಟಿ) ನಿಲ್ಲಿಸಬೇಕಾ?

ಅಕ್ಕ ತೀರಿಕೊಂಡ ಮೇಲೆ ಅವಳ ಮಗನನ್ನು ನಾನೇ ಸಾಕುತ್ತಿದ್ದೇನೆ. ಈಗ 10 ವರ್ಷ. ಹುಟ್ಟಿನಿಂದಲೇ ಎಚ್‌ಐವಿ ಇದೆ. ಎಆರ್‌ಟಿ ಸೆಂಟರ್‌ನ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಈ ಸಲ ರಕ್ತದಲ್ಲಿ ಕೊಬ್ಬು ಜಾಸ್ತಿ ಇದೆ ಎಂದರು. ಮಾತ್ರೆ ಬಿಡಿಸು, ಹೃದಯ ಹಾಳಾಗುತ್ತದೆ, ಆಟಕ್ಕೂ ಕಳಿಸಬೇಡ ಅಂತ ನೆಂಟರು ಹೇಳುತ್ತಿದ್ದಾರೆ. ನಿಮ್ಮಲ್ಲಿ ಯಾರ ಮಗುವಿಗಾದರೂ ಹೀಗಾಗಿತ್ತಾ?

– ಮಾತ್ರೆ ಮಾತ್ರ ನಿಲ್ಲಿಸಬೇಡಮ್ಮ, ಕೈ ಮುಗಿದು ಕೇಳುತ್ತೇನೆ. ನನ್ನ ಮಗಳಿಗೂ ಹೀಗೇ ಆಗಿತ್ತು. ಆಗ ಅವಳಿಗೆ ಲೋಪಿನಾವಿರ್-ರಿಟೊನಾವಿರ್ ಎಂಬ ಎಚ್‌ಐವಿ ಮಾತ್ರೆ ನಡೆಯುತ್ತಿತ್ತು. ಅದರಿಂದ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುವುದುಂಟು. ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ರಕ್ತ ತೆಗೆದರು. ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ) ನೋಡಿ, ಡೊಲುಟೆಗ್ರಾವಿರ್ ಎಂಬ ಬೇರೆ ಎಚ್‌ಐವಿ ಮಾತ್ರೆಗೆ ಬದಲಾಯಿಸಿದರು. ಕೆಲವು ತಿಂಗಳಲ್ಲಿ ಕೊಬ್ಬು ಇಳಿಯಿತು. ಈ ಮಾತ್ರೆಯಲ್ಲಿ ಕೆಲವರಿಗೆ ತೂಕ ಏರುತ್ತದಂತೆ, ಅದಕ್ಕೆ ಪ್ರತಿ ಸಲ ತೂಕ ಬರೆಸುತ್ತೇನೆ. ನಾನೂ ನಿನ್ನ ಹಾಗೆ ಹೆದರಿ, ಎರಡು ದಿನ ಮಾತ್ರೆ ಕೊಟ್ಟಿರಲಿಲ್ಲ. ಡಾಕ್ಟರು ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ವೈರಸ್ ಹತೋಟಿ ತಪ್ಪಿದರೆ ಮೈಯೊಳಗೆ ಉರಿಯೂತ ಇದ್ದೇ ಇರುತ್ತದೆ, ರಕ್ತನಾಳಕ್ಕೂ ಹೃದಯದ ಸ್ನಾಯುವಿಗೂ ಅದರಿಂದಲೇ ಪೆಟ್ಟು. ಎಆರ್‌ಟಿ ಮಾತ್ರೆಗಳು ಬರುವ ಮುಂಚೆ ಇಂಥ ಮಕ್ಕಳಲ್ಲಿ ಹೃದಯ ಸೋಲುವುದು ಈಗಿನದಕ್ಕಿಂತ ತುಂಬಾ ಜಾಸ್ತಿ ಇತ್ತಂತೆ. ನಿನ್ನ ಹುಡುಗನಿಗೆ ಯಾವ ಮಾತ್ರೆ ನಡೆಯುತ್ತಿದೆ? ಎಆರ್‌ಟಿ ಸೆಂಟರ್‌ನ ಹಸಿರು ಪುಸ್ತಕವೋ ಕಾರ್ಡೋ ಏನಿದೆಯೋ ತೆಗೆದುಕೊಂಡು ಹೋಗಿ ಕೇಳು. ಮಾತ್ರೆ ಬದಲಾಯಿಸಬೇಕಾ ಬೇಡವಾ ಅನ್ನುವುದು ಡಾಕ್ಟರ ಕೈಲಿರಲಿ.

– ನನ್ನ ಮೊಮ್ಮಗನಿಗೆ ಬೇಕರಿ ಪಫ್ಸ್, ಎಣ್ಣೆಯಲ್ಲಿ ಕರಿದ ಕುರುಕಲು ಕಡಿಮೆ ಮಾಡಿದೆವು. ಮುದ್ದೆ, ಸೊಪ್ಪಿನ ಸಾರು, ಮೊಳಕೆ ಹುರುಳಿ ತಿನ್ನುತ್ತಾನೆ. ಹಾಗಂತ ಮೊಟ್ಟೆ, ಹಾಲು ಬಿಡಿಸಬೇಡಿ. ಬೆಳೆಯುವ ಮಗು ಅಲ್ವಾ? ಮನೆಯವರು ಒಳಗೆ ಬೀಡಿ ಸೇದುವುದನ್ನೂ ಬಿಡಿಸಿದೆ.

– ಸುಮ್ನೆ ಆಟ ನಿಲ್ಲಿಸಬೇಡಿ. ನನ್ನ ಮಗ ಕಬಡ್ಡಿ ಆಡುತ್ತಾನೆ. ಓಡುವಾಗ ಜೊತೆಯವರಿಗಿಂತ ಬೇಗ ಏದುಸಿರು ಬಂದರೆ, ಕಾಲು ಊದಿದರೆ, ಎದೆ ನೋವು ಅಂದರೆ, ತಲೆ ಸುತ್ತಿ ಬಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ತೋರಿಸಿ. ಎಕೋ (ಹೃದಯದ ಸ್ಕ್ಯಾನ್) ಬೇಕಾ ಅಂತ ಡಾಕ್ಟರು ನೋಡುತ್ತಾರೆ. ಬಿಪಿಯನ್ನೂ ನೋಡಿಸಿ, ಆದರೆ ತೋಳಿಗೆ ಕಟ್ಟುವ ಪಟ್ಟಿ ಮಕ್ಕಳ ಅಳತೆಯದ್ದೇ ಇರಲಿ. ದೊಡ್ಡವರದ್ದು ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಇನ್ನು, ಆಟದ ಮೇಷ್ಟ್ರಿಗೆ ಎಚ್‌ಐವಿ ವಿಷಯ ಹೇಳಬೇಕಾ ಅಂತ ಚಿಂತೆ ಇದ್ದರೆ, ಬೇಕಿಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಶಾಲೆಯವರು ಹೇಳಿ ಅಂತ ಒತ್ತಾಯಿಸುವ ಹಾಗಿಲ್ಲ.